ಹಿತವಾದ ಹವೆಗೆ ಯಾವ ಕಟ್ ಫ್ಲವರ್? ಗುಲಾಬಿಯಿಂದ ಗ್ಲಾಡಿಯೋಲಸ್‌ವರೆಗೆ ಒಂದು ಹೋಲಿಕೆ

ಹಿಮ ಬೀಳದ, ಬಿಸಿಲು ಸುಡದ ಜಾಗದಲ್ಲಿ ಕಟ್ ಫ್ಲವರ್, ಅಂದರೆ ದಂಟು ಸಮೇತ ಕೊಯ್ದು ಮಾರುವ ಹೂ, ಬೆಳೆಯಲು ಹೊರಟವರಿಗೆ ಮೊದಲ ತೊಡಕೇ ಅಲ್ಲಿ ಎಲ್ಲ ಹೂವೂ ಬರುತ್ತದೆ ಎನ್ನುವುದು. ನೆಟ್ಟರೆ ಗುಲಾಬಿ ಚಿಗುರುತ್ತದೆ, ಕಾರ್ನೇಷನ್ ಅರಳುತ್ತದೆ, ಜರ್ಬೇರಾ ಮೊಗ್ಗು ಬಿಡುತ್ತದೆ. ಆದರೆ ಗಿಡ ಬದುಕುವುದು ಬೇರೆ, 60 ಸೆಂ.ಮೀ. ನೆಟ್ಟನೆ ದಂಟಿನ ಮೇಲೆ ಒಂದೇ ಅಳತೆಯ ಹೂ ವಾರವಾರವೂ ಸಿಗುವುದು ಬೇರೆ. ಇದನ್ನು ಮುಖ್ಯವಾಗಿ ತೀರ್ಮಾನಿಸುವುದು ರಾತ್ರಿಯ ತಾಪಮಾನ. ಅದರ ನಂತರ ನೀರು, ಆಮೇಲೆ ಬೆಳಗಿನ ಜಾವ ಕೆಲಸಕ್ಕೆ ಸಿಗುವ ಕೈಗಳು. ಬೇಡಿಕೆ ನೋಡಿ ಬೆಳೆ ಆರಿಸಿ ಆಮೇಲೆ ಈ ಮೂರನ್ನೂ ಹೊಂದಿಸಲು ಹೊರಟವರು ಹೀಟರಿಗೋ ಆಮ್ಲದ ಟ್ಯಾಂಕಿಗೋ ದುಡ್ಡು ಸುರಿಯುತ್ತಲೇ ಇರಬೇಕಾಗುತ್ತದೆ.

ಮೊದಲು ಅಳೆಯಬೇಕಾದದ್ದು

ಕನಿಷ್ಠ-ಗರಿಷ್ಠ ಥರ್ಮಾಮೀಟರನ್ನು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, ನೇರ ಬಿಸಿಲು ತಾಗದಂತೆ ನೇತುಹಾಕಿ ದಿನವೂ ಬರೆದಿಡಿ. ಒಂದು ಪೂರ್ತಿ ವರ್ಷದ ಲೆಕ್ಕ ಇದ್ದರೆ ಒಳ್ಳೆಯದು. ದೂರದ ಹವಾಮಾನ ಕೇಂದ್ರದ ಅಂಕಿ ಇದಕ್ಕೆ ಸಾಲದು. ತಣ್ಣನೆ ಗಾಳಿ ಇಳಿದು ತಗ್ಗಿನಲ್ಲಿ ನಿಲ್ಲುವುದರಿಂದ, ಒಂದೇ ಜಮೀನಿನ ಮೇಲಿನ ದಿಬ್ಬಕ್ಕೂ ಕೆಳಗಿನ ಪಾತಿಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಇರಬಹುದು.

ಬೆಳೆಗಳ ಬಯಕೆ ಸ್ಥೂಲವಾಗಿ ಹೀಗಿದೆ. ಕಾರ್ನೇಷನ್‌ಗೆ ರಾತ್ರಿ 10–12 ಡಿಗ್ರಿ ಸೆಲ್ಸಿಯಸ್ ಹಿತ, ಜರ್ಬೇರಾಕ್ಕೆ 13–16, ಗುಲಾಬಿಗೆ 15–18, ಸೇವಂತಿಗೆಗೆ 16–18. ಆಲ್‌ಸ್ಟ್ರೋಮೇರಿಯಾ ಗಾಳಿಗಿಂತ ಮಣ್ಣಿನ ತಂಪನ್ನು ನೋಡುತ್ತದೆ. ಹಗಲು 20ರಿಂದ 27ರೊಳಗೆ ಇದ್ದರೆ ಇವೆಲ್ಲವೂ ಒಪ್ಪಿಕೊಳ್ಳುತ್ತವೆ. ಕಾರ್ನೇಷನ್ ಮಾತ್ರ 25 ದಾಟಿದರೆ ದಂಟು ಸಣ್ಣಗಾಗಿ ಬಳುಕಲು ಶುರು. ರಾತ್ರಿ 12ಕ್ಕಿಂತ ಕೆಳಗೆ ವಾರಗಟ್ಟಲೆ ಇಳಿಯುವ ಜಾಗದಲ್ಲಿ ಗುಲಾಬಿ ಹಾಕಿದರೆ ಮೊಗ್ಗಿಲ್ಲದ ಕುರುಡು ಚಿಗುರುಗಳು, ತುದಿ ಚಪ್ಪಟೆಯಾದ ದಪ್ಪ ಮೊಗ್ಗುಗಳು ಹೆಚ್ಚುತ್ತವೆ. ಅದನ್ನು ಗೊಬ್ಬರದ ಕೊರತೆ ಎಂದುಕೊಂಡು ಸಾರಜನಕ ಸುರಿದರೆ ಬೂದಿ ರೋಗಕ್ಕೆ ಅನುಕೂಲವಾಗುತ್ತದೆ, ಅಷ್ಟೇ.

ನೀರಿನಲ್ಲಿ ನೋಡಬೇಕಾದದ್ದು ಇ.ಸಿ. (ವಿದ್ಯುತ್ ವಾಹಕತೆ, ಅಂದರೆ ಕರಗಿದ ಉಪ್ಪಿನ ಅಳತೆ; ಇಲ್ಲಿ ಮಿಲಿಸೀಮೆನ್ಸ್/ಸೆಂ.ಮೀ.ನಲ್ಲಿ), ಬೈಕಾರ್ಬೊನೇಟ್ ಮತ್ತು ಸೋಡಿಯಂ. ಮೂಲ ನೀರಿನ ಇ.ಸಿ. 0.5ರೊಳಗಿದ್ದರೆ ಯಾವ ಬೆಳೆಗೂ ಅಡ್ಡಿಯಿಲ್ಲ. 1 ದಾಟಿದರೆ ಗುಲಾಬಿ, ಜರ್ಬೇರಾ, ಲಿಲಿಯಂಗಳಲ್ಲಿ ಎಲೆಯಂಚು ಸುಡುವುದು, ದಂಟು ಗಿಡ್ಡವಾಗುವುದು ಕಾಣುತ್ತದೆ. ಉಪ್ಪು ನೀರನ್ನು ಕಾರ್ನೇಷನ್, ಸೇವಂತಿಗೆ ಹೆಚ್ಚು ತಾಳಿಕೊಳ್ಳುತ್ತವೆ; ಇನ್ನೂ ಹೆಚ್ಚು ತಾಳುವುದು ಸ್ಟ್ಯಾಟಿಸ್. ಬೈಕಾರ್ಬೊನೇಟ್ ಹೆಚ್ಚಿರುವ ನೀರು ಹನಿ ನೀರಾವರಿಯಲ್ಲಿ ತಿಂಗಳುಗಟ್ಟಲೆ ಹರಿದರೆ ಮಡಿಯ ರಸಸಾರ (pH) ಏರುತ್ತಲೇ ಹೋಗುತ್ತದೆ. ಮೊದಲು ಗೊತ್ತಾಗುವುದು ಜರ್ಬೇರಾದ ಎಳೆ ಎಲೆಗಳಲ್ಲಿ: ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಕಬ್ಬಿಣದ ಕೊರತೆ ಎನ್ನುವುದು ನಿಜ, ಆದರೆ ಮಣ್ಣಲ್ಲಿ ಕಬ್ಬಿಣ ಇಲ್ಲದ್ದರಿಂದಲ್ಲ, ರಸಸಾರ 6.5 ದಾಟಿ ಬೇರಿಗೆ ಅದು ಸಿಗದೆ ಹೋದದ್ದರಿಂದ. ನೀರಿಗೆ ಆಮ್ಲ ಸೇರಿಸಿ ರಸಸಾರವನ್ನು 5.8–6.2ಕ್ಕೆ ತರುವ ವ್ಯವಸ್ಥೆ ಇಲ್ಲದೆ ಅಂಥ ನೀರಿನಲ್ಲಿ ಜರ್ಬೇರಾ ಬೇಡ.

ಗುಲಾಬಿಯೋ, ಜರ್ಬೇರಾವೋ

ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ) ಹಾಕಿಸಿದವರು ಸಾಮಾನ್ಯವಾಗಿ ಈ ಎರಡರ ನಡುವೆ ತೂಗಾಡುತ್ತಾರೆ. ಮೇಲ್ನೋಟಕ್ಕೆ ಎರಡಕ್ಕೂ ಒಂದೇ ರಚನೆ, ಒಂದೇ ಹನಿ ವ್ಯವಸ್ಥೆ. ಕೆಲಸದ ಜಾಡು ಮಾತ್ರ ಬೇರೆಯೇ.

ಗುಲಾಬಿಗೆ ಒಂದು ಮೀಟರ್ ಅಗಲದ, 40 ಸೆಂ.ಮೀ. ಎತ್ತರದ ಮಡಿ, ಅರ್ಧ ಮೀಟರ್ ಓಡಾಡುವ ದಾರಿ. ಮಡಿಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ 18 ಸೆಂ.ಮೀ. ಎಂದರೆ ದಾರಿಯೂ ಸೇರಿ ಚದರ ಮೀಟರಿಗೆ ಸುಮಾರು 7 ಗಿಡ. ನೆಟ್ಟು ಐದಾರು ತಿಂಗಳು ಮಾರುವಂಥ ಹೂ ಬರುವುದಿಲ್ಲ. ಆ ಅವಧಿಯಲ್ಲಿ ನಡೆಯುವ ಕೆಲಸವೇ ಮುಂದಿನ ಐದಾರು ವರ್ಷದ ಇಳುವರಿಯನ್ನು ಕಟ್ಟುವುದು. ಮೊದಲ ಚಿಗುರಿನ ಮೊಗ್ಗು ಬಟಾಣಿ ಗಾತ್ರವಾದಾಗ ಮೊಗ್ಗು ಚಿವುಟಿ, ಇಡೀ ಚಿಗುರನ್ನು ಬುಡದಿಂದ ಸ್ವಲ್ಪ ಮೇಲೆ ತಿರುಚಿ ದಾರಿಯ ಕಡೆಗೆ ಬಾಗಿಸಬೇಕು; ಮುರಿದು ಬೇರೆಯಾಗಬಾರದು. ಬಾಗಿದ ಎಲೆಗಳು ಗಿಡಕ್ಕೆ ಆಹಾರ ತಯಾರಿಸುತ್ತವೆ, ಬುಡದಿಂದ ಬರುವ ದಪ್ಪ ಚಿಗುರುಗಳು ಗಿಡದ ಚೌಕಟ್ಟಾಗುತ್ತವೆ. ಈ ಬುಡದ ಚಿಗುರು ಪೆನ್ಸಿಲ್‌ಗಿಂತ ತೆಳುವಾಗಿದ್ದರೆ ಅದನ್ನೂ ಬಾಗಿಸಿ. ದಪ್ಪಗಿದ್ದದ್ದನ್ನು ಮಾತ್ರ ಬೆಳೆಯಲು ಬಿಟ್ಟು ಕೊಯ್ಯಬೇಕು. ಅವಸರಪಟ್ಟು ಮೊದಲ ಹೂಗಳನ್ನೇ ಕೊಯ್ದ ತೋಟಗಳಲ್ಲಿ ವರ್ಷದ ನಂತರವೂ ದಂಟು 40 ಸೆಂ.ಮೀ. ದಾಟುವುದಿಲ್ಲ.

ಬಾಗಿಸಿದ ಎಲೆಯ ರಾಶಿಗೆ ಒಂದು ಕೆಡುಕೂ ಇದೆ. ಕೆಂಪು ನುಸಿ ಮನೆ ಮಾಡುವುದು ಅಲ್ಲೇ, ಎಲೆಯ ಅಡಿಯಲ್ಲಿ. ಮೇಲಿಂದ ಹೊಡೆದ ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ನಳಿಕೆಯನ್ನು ದಾರಿಯ ಮಟ್ಟಕ್ಕೆ ಇಳಿಸಿ ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು. ಚಳಿಗಾಲ ಕೀಟಗಳನ್ನು ಕೊಲ್ಲದ ಹವೆಯಲ್ಲಿ ನುಸಿಯೂ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟವೂ ವರ್ಷವಿಡೀ ತಲೆಮಾರಿನ ಮೇಲೆ ತಲೆಮಾರು ಹುಟ್ಟುತ್ತಲೇ ಇರುತ್ತವೆ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಬಳಸಿದರೆ ಅದಕ್ಕೆ ಬಗ್ಗದ ಕೀಟಗಳೇ ಉಳಿದು ಸಂತಾನ ಬೆಳೆಸುತ್ತವೆ.

ಗುಲಾಬಿಯ ಇನ್ನೊಂದು ಶತ್ರು ಡೌನಿ ಮಿಲ್ಡ್ಯೂ ಎಂಬ ಎಲೆ ರೋಗ. ತಂಪಾದ ರಾತ್ರಿ, ಮುಚ್ಚಿದ ಪರದೆ, ಶೇಕಡ 85 ಮೀರಿದ ತೇವ ಸೇರಿದರೆ ಕೆಲವೇ ದಿನದಲ್ಲಿ ಎಲೆ ಮೇಲೆ ನೇರಳೆ ಬಣ್ಣದ ಮೂಲೆಮೂಲೆಯ ಮಚ್ಚೆ ಕಾಣಿಸಿ, ಮುಟ್ಟಿದರೆ ಎಲೆ ಉದುರುತ್ತದೆ. ಚಳಿಯೆಂದು ಸಂಜೆ ಪರದೆಗಳನ್ನು ಪೂರ್ತಿ ಮುಚ್ಚುವುದೇ ಈ ರೋಗಕ್ಕೆ ದಾರಿ ಮಾಡಿಕೊಡುವುದು. ಹೊರಗಿನ ಗಾಳಿ ತಣ್ಣಗಾಗುವ ಮೊದಲೇ ಒಳಗಿನ ಬಿಸಿ ತೇವದ ಗಾಳಿ ಚಾವಣಿಯ ಕಿಂಡಿಯಿಂದ ಹೊರಗೆ ಹೋಗಬೇಕು. ಎರಡು ಡಿಗ್ರಿ ಕಳೆದುಕೊಂಡರೂ ಎಲೆ ಒಣಗಿರುವುದು ಮುಖ್ಯ.

ಜರ್ಬೇರಾ ಇದಕ್ಕೆ ಹೋಲಿಸಿದರೆ ಬೇಗ ಕೈಗೆ ಹತ್ತುತ್ತದೆ. ಟಿಶ್ಯೂ ಕಲ್ಚರ್ ಸಸಿ ನೆಟ್ಟು ಎರಡು ತಿಂಗಳೊಳಗೆ ಬರುವ ಮೊಗ್ಗುಗಳನ್ನು ಕಿತ್ತುಹಾಕಿ, ಗಿಡಕ್ಕೆ 14–16 ಎಲೆ ಆದ ಮೇಲೆ ಬಿಟ್ಟರೆ, ಮೂರನೆಯ ತಿಂಗಳಿನಿಂದ ಕೊಯ್ಲು ಶುರು. ಅಂತರ 37×30 ಸೆಂ.ಮೀ., ಚದರ ಮೀಟರಿಗೆ ಆರೇಳು ಗಿಡ, ಗಿಡಕ್ಕೆ ವರ್ಷಕ್ಕೆ 30–40 ಹೂ. ಎರಡರಿಂದ ಮೂರು ವರ್ಷಕ್ಕೆ ಹೂವಿನ ಗಾತ್ರ ಕುಗ್ಗುವುದರಿಂದ ಮರುನಾಟಿ ಅನಿವಾರ್ಯ. ಆಗ ಮಡಿಯನ್ನು ಸೋಂಕುಮುಕ್ತ ಮಾಡುವ ಖರ್ಚನ್ನೂ ಮೊದಲೇ ಲೆಕ್ಕ ಹಿಡಿದಿರಬೇಕು.

ಜರ್ಬೇರಾ ಕೆಡುವುದು ಹೆಚ್ಚಾಗಿ ನೆಡುವ ದಿನವೇ. ಎಲೆಗಳು ಹೊರಡುವ ಬುಡದ ಗಂಟು ಮಣ್ಣಿನಿಂದ 1–2 ಸೆಂ.ಮೀ. ಮೇಲೆ ಇರಬೇಕು. ನೆಟ್ಟಾಗ ಸರಿಯಾಗಿ ಕಂಡರೂ ನಾಲ್ಕು ಸಲ ನೀರು ಕೊಟ್ಟ ಮೇಲೆ ಸಡಿಲ ಮಡಿ ಕುಸಿದು, ಗಿಡ ಕೆಳಗಿಳಿದು, ಗಂಟಿನ ಸುತ್ತ ಮಣ್ಣು ಕೂಡುತ್ತದೆ. ಅಲ್ಲಿ ಫೈಟಾಫ್ತೊರಾ ಎಂಬ ಬುಡ ಕೊಳೆಸುವ ರೋಗಾಣು ಸೇರಿತೆಂದರೆ ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಬಾಡುತ್ತದೆ, ಎಳೆದರೆ ಬುಡ ಕಪ್ಪಾಗಿ ಕೈಗೆ ಬರುತ್ತದೆ. ಆದ್ದರಿಂದ ನಾಟಿಗೆ ಮುಂಚೆ ಮಡಿಗೆ ನೀರು ಹಾಯಿಸಿ ಕುಸಿಯಲು ಬಿಡಿ. ನೆಟ್ಟ ಎರಡನೆಯ ವಾರ ಒಂದೊಂದೇ ಗಿಡದ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿ.

ಕೊಯ್ಲಿನಲ್ಲಿ ಎರಡಕ್ಕೂ ಅಜಗಜಾಂತರ. ಗುಲಾಬಿಯನ್ನು ಒಂದೆರಡು ಎಸಳು ಸಡಿಲವಾದ ಹಂತದಲ್ಲಿ, ದಿನಕ್ಕೆ ಎರಡು ಸಲ, ರಜೆಯಿಲ್ಲದೆ ಕೊಯ್ಯಬೇಕು. ಮಧ್ಯಾಹ್ನ ಬಿಟ್ಟದ್ದು ಸಂಜೆಗೆ ಅರಳಿ ತಿರಸ್ಕೃತವಾಗುತ್ತದೆ. ಕೊಯ್ದ ಕೂಡಲೇ ಬಕೆಟ್ ನೀರಿಗೆ, ಅಲ್ಲಿಂದ 2–4 ಡಿಗ್ರಿಯ ಕೋಲ್ಡ್ ರೂಮಿಗೆ. ಜರ್ಬೇರಾಕ್ಕೆ ವಾರಕ್ಕೆ ಮೂರು ಕೊಯ್ಲು ಸಾಕು. ನಡುವಿನ ತಟ್ಟೆಯ ಹೊರಗಿನ ಎರಡು ಸುತ್ತು ಚಿಕ್ಕ ಹೂಗಳು ಅರಳಿದಾಗ ದಂಟನ್ನು ಬುಡದಲ್ಲಿ ಹಿಡಿದು ಪಕ್ಕಕ್ಕೆ ವಾಲಿಸಿ ಕೀಳಬೇಕು. ಕತ್ತರಿಸಿದರೆ ಉಳಿದ ಮೋಟು ಕೊಳೆತು ರೋಗ ಬುಡಕ್ಕಿಳಿಯುತ್ತದೆ. ಕಿತ್ತ ದಂಟಿನ ತಳದ ಗಟ್ಟಿ ಭಾಗ ನೀರು ಹೀರುವುದಿಲ್ಲವಾದ್ದರಿಂದ 2–3 ಸೆಂ.ಮೀ. ಕತ್ತರಿಸಿ ನೀರಿಗಿಡಿ. ಎಲೆಯಿಲ್ಲದ, ರೋಮವಿರುವ ಈ ದಂಟು ಕೊಳಕು ನೀರಿನಲ್ಲಿ ಬಹಳ ಬೇಗ ಕಟ್ಟಿಕೊಂಡು ಕುತ್ತಿಗೆ ಬಗ್ಗಿಸುತ್ತದೆ: ಬಕೆಟ್‌ನಲ್ಲಿ 10 ಸೆಂ.ಮೀ.ಗಿಂತ ಹೆಚ್ಚು ನೀರು ಬೇಡ, ಕ್ಲೋರಿನ್ ತಪ್ಪಿಸಬೇಡಿ.

ಆಳುಗಳು ಖಾಯಂ ಇದ್ದು, ಕೋಲ್ಡ್ ರೂಮೂ ರಾತ್ರಿ 15 ಡಿಗ್ರಿಯ ಆಸುಪಾಸಿನ ಹವೆಯೂ ಇದ್ದವರಿಗೆ ಗುಲಾಬಿ. ಇವುಗಳಲ್ಲಿ ಒಂದು ಕಡಿಮೆಯಿದ್ದರೂ ಜರ್ಬೇರಾ ಕ್ಷೇಮ.

ಕಾರ್ನೇಷನ್ ಮತ್ತು ಸೇವಂತಿಗೆ

ಎರಡಕ್ಕೂ ಆಸರೆಯ ಬಲೆ ಬೇಕು, ಎರಡೂ ಕಸಿ ಇಲ್ಲದ ತುದಿ ಕಡ್ಡಿಗಳಿಂದ ಬರುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ಕಾರ್ನೇಷನ್ ಒಮ್ಮೆ ನೆಟ್ಟರೆ ಒಂದೂವರೆಯಿಂದ ಎರಡು ವರ್ಷ. 15×15 ಸೆಂ.ಮೀ. ಅಂತರದಲ್ಲಿ, ಸಸಿಯ ಬೇರುಗಟ್ಟಿಯ ಮೇಲ್ತುದಿ ಮಣ್ಣಿಗಿಂತ ಚೂರು ಮೇಲಿರುವಂತೆ ನೆಡಬೇಕು. ಮೂರು ನಾಲ್ಕು ವಾರಕ್ಕೆ, ಐದಾರು ಗಿಣ್ಣು ಬಿಟ್ಟು ತುದಿ ಮುರಿಯಬೇಕು. ಬೆಳಿಗ್ಗೆ ಗಿಡದಲ್ಲಿ ನೀರು ತುಂಬಿರುವಾಗ ಇದು ಟಕ್ಕನೆ ಮುರಿಯುತ್ತದೆ, ಮಧ್ಯಾಹ್ನ ಸಿಗಿದು ಬರುತ್ತದೆ. ಎಲ್ಲವನ್ನೂ ಒಂದೇ ಸಲ ಚಿವುಟಿದರೆ ಹೂವೂ ಒಂದೇ ಸಲ ಬರುತ್ತದೆ. ಮೊದಲ ಸಲ ಬಂದ ಚಿಗುರುಗಳಲ್ಲಿ ಅರ್ಧದಷ್ಟನ್ನು ಮತ್ತೆ ಚಿವುಟುವ ರೂಢಿ ಇರುವುದು ಕೊಯ್ಲನ್ನು ಹಂಚಲು. ಚಿವುಟಿದ ಮೇಲೆ ಹೂವಿಗೆ ನಾಲ್ಕರಿಂದ ಐದು ತಿಂಗಳು.

ಇದರ ದೊಡ್ಡ ನಷ್ಟ ಪುಷ್ಪಪಾತ್ರೆ ಸೀಳುವುದು. ಎಸಳುಗಳನ್ನು ಹಿಡಿದಿರುವ ಹಸಿರು ಬಟ್ಟಲು ಒಂದು ಪಕ್ಕ ಬಿರಿದು ಎಸಳು ಜೋತುಬಿದ್ದರೆ ಆ ಹೂ ಎರಡನೆಯ ದರ್ಜೆ. ಹಗಲು ರಾತ್ರಿಗಳ ನಡುವೆ 10 ಡಿಗ್ರಿಗಿಂತ ಹೆಚ್ಚು ಏರಿಳಿತ ಇರುವಾಗ, ಬೋರಾನ್ ಕಡಿಮೆ ಇರುವಾಗ, ಅಮೋನಿಯಂ ರೂಪದ ಸಾರಜನಕ ಹೆಚ್ಚಾದಾಗ ಇದು ಹೆಚ್ಚು. ಹಿತವಾದ ಹವೆ ಎಂದು ಕರೆಸಿಕೊಳ್ಳುವ ಎಷ್ಟೋ ಎತ್ತರದ ಪ್ರದೇಶಗಳಲ್ಲಿ ಬಿಸಿಲಿನ ದಿನವೂ ಕೊರೆಯುವ ರಾತ್ರಿಯೂ ಜೊತೆಗಿರುತ್ತವೆ. ಅಲ್ಲಿ ಸರಾಸರಿ ತಾಪಮಾನ ಕಾರ್ನೇಷನ್‌ಗೆ ಹೇಳಿ ಮಾಡಿಸಿದಂತಿದ್ದರೂ ಸೀಳು ಬಿಡುವುದಿಲ್ಲ. ಹಗಲು ಬೇಗ ಗಾಳಿ ಬಿಟ್ಟು ಗರಿಷ್ಠವನ್ನು ಇಳಿಸುವುದು ರಾತ್ರಿ ಬಿಸಿ ಮಾಡುವುದಕ್ಕಿಂತ ಅಗ್ಗ. ಮೊಗ್ಗಿಗೆ ರಬ್ಬರ್ ಬ್ಯಾಂಡ್ ಹಾಕುವುದು ತೇಪೆ ಕೆಲಸವೇ ಸರಿ, ಆದರೂ ಹಾಕುತ್ತಾರೆ.

ಇನ್ನೊಂದು ಫ್ಯುಸೇರಿಯಂ ಸೊರಗು ರೋಗ. ಗಿಡದ ಒಂದೇ ಪಕ್ಕ ಬಿಳಚಿಕೊಂಡು ಬಾಡುವುದು ಇದರ ಗುರುತು. ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ಮಣ್ಣಿಗೆ ಬಂದ ಮೇಲೆ ವರ್ಷಗಟ್ಟಲೆ ಹೋಗುವುದಿಲ್ಲ. ಒಮ್ಮೆ ಸೊರಗು ಕಂಡ ಜಾಗದಲ್ಲಿ ಕಾರ್ನೇಷನ್ ಮುಂದುವರಿಸುವುದಾದರೆ ನೆಲಕ್ಕೆ ತಾಗದ ತೊಟ್ಟಿ, ಅದರಲ್ಲಿ ಮಣ್ಣಿನ ಬದಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಇಲ್ಲದಿದ್ದರೆ ಬೆಳೆ ಬದಲಿಸಿ.

ಸೇವಂತಿಗೆಯದು 100–120 ದಿನದ ಆಟ. ಮಡಿಯ ಮೇಲೆ 12.5 ಸೆಂ.ಮೀ. ಕಣ್ಣಿನ ಬಲೆ ಹಾಸಿ, ಕಣ್ಣಿಗೊಂದು ಕಡ್ಡಿ ನೆಟ್ಟರೆ ಚದರ ಮೀಟರ್ ಮಡಿಗೆ 64 ಗಿಡ. ಗಿಡ ಬೆಳೆದಂತೆ ಅದೇ ಬಲೆಯನ್ನು ಮೇಲಕ್ಕೆತ್ತುತ್ತ ಹೋಗುವುದು. ಇದರ ಕೀಲಿಕೈ ಕತ್ತಲೆ. ಹಗಲು ಸುಮಾರು 13.5 ತಾಸಿಗಿಂತ ಕಿರಿದಾದಾಗ ಮೊಗ್ಗು ಕಟ್ಟುತ್ತದೆ. ಆದ್ದರಿಂದ ಹಗಲು ಕಿರಿದಾದ ಕಾಲದಲ್ಲಿ ನೆಟ್ಟರೆ ಮೊದಲ ಮೂರು ನಾಲ್ಕು ವಾರ, ಗಿಡ 25–30 ಸೆಂ.ಮೀ. ಆಗುವವರೆಗೆ, ರಾತ್ರಿ 10ರಿಂದ 2ರವರೆಗೆ ದೀಪ ಉರಿಸಿ ಕತ್ತಲೆಯನ್ನು ತುಂಡರಿಸಬೇಕು. ಹಗಲು ಉದ್ದವಿರುವ ಕಾಲದಲ್ಲಿ ಇದಕ್ಕೆ ತದ್ವಿರುದ್ಧ: ಎತ್ತರ ಬಂದ ಮೇಲೆ ಕಪ್ಪು ಪರದೆ ಮುಚ್ಚಿ ದಿನಕ್ಕೆ 13–14 ತಾಸು ಕತ್ತಲೆ, ಮೊಗ್ಗಿನಲ್ಲಿ ಬಣ್ಣ ಕಾಣುವವರೆಗೆ ಒಂದು ದಿನವೂ ಬಿಡದೆ.

ತಪ್ಪು ಎಲ್ಲಾಯಿತು ಎಂದು ಈ ಬೆಳೆ ಮಡಿಯ ಮೇಲೆಯೇ ಬರೆದು ತೋರಿಸುತ್ತದೆ. ನಡುವಿನ ಒಂದು ಬಲ್ಬ್ ಕೆಟ್ಟು ನಾಲ್ಕು ರಾತ್ರಿ ಯಾರೂ ಗಮನಿಸದಿದ್ದರೆ ಅದರ ಕೆಳಗೆ ಗುಂಡಗೆ ಒಂದು ತುಂಡು ಗಿಡ್ಡ ದಂಟಿನಲ್ಲೇ ಮೊಗ್ಗು ಕಟ್ಟಿ ನಿಲ್ಲುತ್ತದೆ. ರಸ್ತೆಯ ದೀಪ ಬೀಳುವ ಅಂಚಿನ ಸಾಲು ಮಾತ್ರ ಎತ್ತರಕ್ಕೆ ಹೋಗಿ ಹೂ ಬಿಡದೆ ಉಳಿಯುತ್ತದೆ. ಕಪ್ಪು ಪರದೆಯನ್ನು ಸಂಜೆ 5ಕ್ಕೇ ಎಳೆದರೆ ಒಳಗೆ ಸೆಕೆ ಕೂಡಿ ಮೊಗ್ಗು ವಾರಗಟ್ಟಲೆ ತಡವಾಗುತ್ತದೆ. ಸಂಜೆ 7ಕ್ಕೆ ಮುಚ್ಚಿ ಬೆಳಿಗ್ಗೆ 8ಕ್ಕೆ ತೆಗೆಯುವುದು ಒಳ್ಳೆಯದು. ತಂಪು ಹವೆಯಲ್ಲಿ ಬಿಳಿ ತುಕ್ಕು ರೋಗಕ್ಕೂ ಎಚ್ಚರ. 17–20 ಡಿಗ್ರಿಯಲ್ಲಿ ಎಲೆ ಐದಾರು ತಾಸು ಒದ್ದೆಯಿದ್ದರೆ ಅದಕ್ಕೆ ಸಾಕು. ಎಲೆಯ ಮೇಲೆ ಹಳದಿ ಚುಕ್ಕೆ, ಅದೇ ಜಾಗದ ಕೆಳಗೆ ನಸುಗೆಂಪು ಬಿಳಿ ಗುಳ್ಳೆ ಕಂಡರೆ ಆ ಗಿಡ ಕಿತ್ತು ಚೀಲಕ್ಕೆ ತುಂಬಿ ಹೊರಗೆ ಒಯ್ಯಿರಿ. ಸಂಜೆಯ ತುಂತುರು ನೀರು ಬೇಡವೇ ಬೇಡ.

ಕೆಲಸ ವರ್ಷವಿಡೀ ಸಮನಾಗಿ ಬೇಡ, ಗುಂಪಾಗಿ ಬಂದರೆ ಸಾಕು ಎನ್ನುವವರಿಗೆ ಸೇವಂತಿಗೆಯೇ ಸರಿ: ಒಂದೆರಡು ವಾರದಲ್ಲಿ ಇಡೀ ಮಡಿ ಖಾಲಿ. ನಷ್ಟವಾದರೂ ನಾಲ್ಕು ತಿಂಗಳ ನಷ್ಟ. ಬೇಡಿಕೆಯ ದಿನಕ್ಕೆ ಹಿಂದಿನಿಂದ ಎಣಿಸಿ ನೆಡಬಹುದಾದ್ದು ಇದರಷ್ಟು ಖಚಿತವಾಗಿ ಬೇರೊಂದಿಲ್ಲ. ಗುಲಾಬಿಯಲ್ಲಿ ಕೊಯ್ಲಿನಿಂದ ಮುಂದಿನ ಹೂವಿಗೆ 45–50 ದಿನ ಎನ್ನುತ್ತೇವೆ. ಮೋಡ ಕವಿದರೆ ಅದು ವಾರ ಕಳೆದು ಬರುತ್ತದೆ.

ಪಾಲಿಹೌಸ್ ಇಲ್ಲದಿದ್ದರೆ

ಬಯಲಿನಲ್ಲಿ ಮೊದಲ ಬೆಳೆ ಗ್ಲಾಡಿಯೋಲಸ್. 4–5 ಸೆಂ.ಮೀ. ಅಡ್ಡಳತೆಯ, ಚಪ್ಪಟೆಯಲ್ಲದ ಗುಂಡು ಗೆಡ್ಡೆಯನ್ನು 30×20 ಅಂತರದಲ್ಲಿ, ಹಗುರ ಮಣ್ಣಾದರೆ 10–12 ಸೆಂ.ಮೀ. ಆಳಕ್ಕೆ ನೆಡಿ. ಜಾತಿಗನುಗುಣವಾಗಿ 70ರಿಂದ 100 ದಿನ. ಎರಡು ವಾರಕ್ಕೊಮ್ಮೆ ಒಂದೊಂದು ತುಂಡು ನೆಟ್ಟರೆ ಕೊಯ್ಲು ನಿಲ್ಲುವುದಿಲ್ಲ. ಮೂರು ನಾಲ್ಕು ಎಲೆ ಬಂದಾಗ ಮಣ್ಣು ಏರಿಸದಿದ್ದರೆ ಹೂ ಹೊತ್ತ ದಂಟು ಗಾಳಿಗೆ ಮಲಗುತ್ತದೆ. ಅಡಿಯ ಒಂದೆರಡು ಮೊಗ್ಗು ಬಣ್ಣ ತೋರಿದಾಗ, ಗಿಡದಲ್ಲಿ ನಾಲ್ಕು ಎಲೆ ಉಳಿಸಿ ಕೊಯ್ಯಿರಿ. ಮುಂದಿನ ಗೆಡ್ಡೆ ಬಲಿಯುವುದು ಆ ಎಲೆಗಳಿಂದ. ಕೊಯ್ದ ದಂಟನ್ನು ಮಲಗಿಸಿಟ್ಟರೆ ತುದಿ ಮೇಲಕ್ಕೆ ಬಾಗಿ ಹಾಗೇ ಗಟ್ಟಿಯಾಗುತ್ತದೆ, ಸಾಗಣೆಯಲ್ಲೂ ನಿಲ್ಲಿಸಿಯೇ ಇರಬೇಕು. ಕಿತ್ತ ಗೆಡ್ಡೆಗೆ ಸುಪ್ತಾವಸ್ಥೆ ಇರುವುದರಿಂದ ಎರಡು ಮೂರು ತಿಂಗಳು 4–5 ಡಿಗ್ರಿಯಲ್ಲಿಡದೆ ಮತ್ತೆ ನೆಟ್ಟರೆ ಮೊಳಕೆ ಒಂದೊಂದು ಒಂದೊಂದು ದಿನ.

ಪರಾಗವಿಲ್ಲದ ಸೂರ್ಯಕಾಂತಿ ತಳಿಗಳು 50–60 ದಿನಕ್ಕೆ ಬರುತ್ತವೆ. 15×15ರಲ್ಲಿ ಒತ್ತಾಗಿ ಬಿತ್ತಿದರೆ ಹೂ ಚಿಕ್ಕದಾಗಿ ಹೂಗುಚ್ಛಕ್ಕೆ ಹೊಂದುತ್ತದೆ. ಅಂತರ ಹೆಚ್ಚಿದರೆ ತಟ್ಟೆಯಷ್ಟಾಗಿ ಯಾರಿಗೂ ಬೇಡವಾಗುತ್ತದೆ. ಸ್ಟ್ಯಾಟಿಸ್, ಸಾಲಿಡಾಗೊ ಹೂಗುಚ್ಛದ ನಡುವಿನ ಜಾಗ ತುಂಬಲು ಬಳಸುವ ಹೂಗಳು; ಅಂಚಿನ ಜಾಗಕ್ಕೆ ಹಾಕಿಕೊಳ್ಳಿ.

ಗಮನ ಹೋಗದ ಎರಡು

ಆಲ್‌ಸ್ಟ್ರೋಮೇರಿಯಾದ ಬಗ್ಗೆ ಹೆಚ್ಚು ಜನ ಯೋಚಿಸುವುದಿಲ್ಲ, ಹಿತವಾದ ಹವೆಗೆ ಇದರಷ್ಟು ಒಗ್ಗುವ ಗಿಡ ಅಪರೂಪವಾದರೂ. ಮಣ್ಣಿನ ತಾಪಮಾನ 15ಕ್ಕಿಂತ ಕೆಳಗೆ ಕೆಲವು ವಾರ ಇದ್ದರೆ ಭೂಮಿಯೊಳಗಿನ ಕಾಂಡ ಹೂ ಚಿಗುರು ಹೊರಡಿಸಲು ಶುರುಮಾಡಿ ತಿಂಗಳುಗಟ್ಟಲೆ ಮುಂದುವರಿಸುತ್ತದೆ. 20ರ ಹತ್ತಿರ ಏರಿದರೆ ಬರಿ ಎಲೆ ಚಿಗುರು. ಆದ್ದರಿಂದ ಖರ್ಚು ಮಾಡಬೇಕಾದದ್ದು ಮಡಿಯ ಮೇಲಿನ ಹೊದಿಕೆಗೆ, ನೆರಳು ಬಲೆಗೆ. ಚದರ ಮೀಟರಿಗೆ ಮೂರು ನಾಲ್ಕು ಗಿಡ, ಮೂರು ವರ್ಷಕ್ಕೂ ಮಿಕ್ಕಿ ಆಯುಷ್ಯ. ದಂಟನ್ನು ಕತ್ತರಿಸದೆ ಕೀಳಬೇಕು, ಆಗಲೇ ಹೊಸ ಚಿಗುರಿಗೆ ಪ್ರಚೋದನೆ. ಆದರೆ ನೆಟ್ಟ ಹೊಸದರಲ್ಲಿ ಕಿತ್ತರೆ ಬೇರು ಸಮೇತ ಬರುತ್ತದೆ, ಮೊದಲ ತಿಂಗಳುಗಳಲ್ಲಿ ಕತ್ತರಿ ಬಳಸಿ. ರಸ ತಾಗಿ ಕೈಯಲ್ಲಿ ತುರಿ, ಬಿರುಕು ಆಗುವವರಿದ್ದಾರೆ, ಕೈಗವಸು ಕೊಡಿ. ಹೂವಿಗಿಂತ ಮೊದಲು ಎಲೆ ಹಳದಿಯಾಗುವುದು ಇದರ ಕುಂದು. ಕೊಯ್ದ ಮೇಲೆ ಜಿಬರೆಲಿಕ್ ಆಮ್ಲದ ದ್ರಾವಣ ಕುಡಿಸಿದರೆ ತಡೆಯುತ್ತದೆ.

ಲಿಸಿಯಾಂಥಸ್‌ನ ಹೂ ಗುಲಾಬಿಯಂತೆ ಕಾಣುತ್ತದೆ, ಮುಳ್ಳಿಲ್ಲ. ಸಸಿಯನ್ನು ಸ್ವತಃ ಬೆಳೆಸಲು ಹೋಗಬೇಡಿ: ಬೀಜ ಧೂಳಿನಷ್ಟು ಸಣ್ಣದು, ನಾಟಿಗೆ ಬರಲು ಎರಡರಿಂದ ಮೂರು ತಿಂಗಳು, ಆ ಅವಧಿಯಲ್ಲಿ ಬಿಸಿ ಹೆಚ್ಚಾದರೆ ಎಲೆಗಳು ನೆಲಕ್ಕಂಟಿ ಗುಚ್ಛವಾಗಿ ನಿಂತು ದಂಟೇ ಏಳುವುದಿಲ್ಲ. ತಂಪಿನಲ್ಲಿ ಬೆಳೆಸಿದ ನಾಲ್ಕೆಲೆಯ ಸಸಿ ತಂದು, ಬೇರು ಟ್ರೇ ತುಂಬಿ ಸುತ್ತಿಕೊಳ್ಳುವ ಮೊದಲೇ ನೆಡಬೇಕು. ಒಂದೇ ಮಡಿಯಲ್ಲಿ ಮತ್ತೆ ಮತ್ತೆ ಹಾಕಿದರೆ ಇದಕ್ಕೂ ಫ್ಯುಸೇರಿಯಂ ಕಾಟ.

ಸಸಿಗೆ ಮುಂಗಡ ಕೊಡುವ ಮುನ್ನ

ಹೊಸಬರು ಸೇವಂತಿಗೆ ಅಥವಾ ಗ್ಲಾಡಿಯೋಲಸ್‌ನಿಂದ ಶುರುಮಾಡಿ, ಒಂದು ವರ್ಷದ ತಾಪಮಾನದ ಲೆಕ್ಕ ಕೈಗೆ ಬಂದ ಮೇಲೆ ಬಹುವಾರ್ಷಿಕ ಬೆಳೆಗೆ ಹೋಗುವುದು ವಾಸಿ. ರಾತ್ರಿ 12ರ ಆಸುಪಾಸಿನಲ್ಲಿ ಸ್ಥಿರವಾಗಿದ್ದು ಹಗಲು 24 ದಾಟದಿದ್ದರೆ ಕಾರ್ನೇಷನ್, ಆಲ್‌ಸ್ಟ್ರೋಮೇರಿಯಾ. 14ರ ಮೇಲಿದ್ದರೆ ಜರ್ಬೇರಾ, ನಂತರ ಗುಲಾಬಿ. ರಚನೆ ಕಟ್ಟುವಾಗ ಗಾಳಿಕಿಂಡಿಗಳ ಒಟ್ಟು ವಿಸ್ತೀರ್ಣ ನೆಲದ ಕಾಲು ಭಾಗಕ್ಕೆ ಕಡಿಮೆಯಾಗದಿರಲಿ. ಬೆಳೆ ಯಾವುದಾದರೂ ಇದು ಬೇಕೇ ಬೇಕು.

ಗುಲಾಬಿ, ಜರ್ಬೇರಾಗಳ ಹೊಸ ತಳಿಗಳಿಗೆ ತಳಿ ಹಕ್ಕು ಇರುವುದರಿಂದ ಹಲವು ದೇಶಗಳಲ್ಲಿ ಸ್ವಂತ ಕಡ್ಡಿ ಮಾಡಿ ಹಂಚುವಂತಿಲ್ಲ. ಕರಾರಿನಲ್ಲಿ ರಾಯಲ್ಟಿ ಸೇರಿದೆಯೇ ಎಂದು ಓದಿ ನೋಡಿ. ಸಸಿ ಬಂದ ದಿನ ಪ್ರತಿ ಪೆಟ್ಟಿಗೆಯಿಂದ ಹತ್ತು ಸಸಿ ತೆಗೆದು ಬೇರು ತೊಳೆದು ನೋಡಿ. ಬೇರು ಬೆಳ್ಳಗಿರಬೇಕು, ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಹೊರಪದರ ಕಳಚಿ ನೂಲಿನಂಥ ಎಳೆ ಮಾತ್ರ ಉಳಿದರೆ ಆ ಪೆಟ್ಟಿಗೆ ಇಳಿಸಿಕೊಳ್ಳಬೇಡಿ. ಎಲೆಯ ಅಡಿಯನ್ನು ಭೂತಗನ್ನಡಿಯಲ್ಲಿ ನೋಡಿ, ಬಿಳಿ ನೊಣದ ಮರಿಯೋ ನುಸಿಯ ಮೊಟ್ಟೆಯೋ ಇದ್ದರೆ ಪೂರೈಕೆದಾರರ ಮುಂದೆಯೇ ಫೋಟೊ ತೆಗೆದಿಡಿ. ಉಳಿದವನ್ನೂ ನೇರ ಪಾಲಿಹೌಸಿಗೆ ಒಯ್ಯದೆ ಎರಡು ದಿನ ನೆರಳಿನಲ್ಲಿ ಪ್ರತ್ಯೇಕ ಇರಿಸಿ, ಹಳದಿ ಅಂಟು ಹಾಳೆ ನೇತುಹಾಕಿ, ಆಮೇಲೆ ಸಂಜೆಯ ಹೊತ್ತು ನಾಟಿ ಮಾಡಿ.